ಕೋಪದ ಮುಂದೆ ‘ವಿತ್’

ಹಿನಕಲ್, ಮೈಸೂರು
ಬುಧವಾರ

ದೇವೀರಕ್ಕನಿಗೆ ಚೆಲುವಿಯ ನಮಸ್ಕಾರ.

ನಿನ್ನ ಮಗನ ನಿಶ್ಚಿತಾರ್ಥದಲ್ಲಿ ಬೀಗರೊಂದಿಗೆ ನಾನು ಇಂಗ್ಲಿಷಿನಲ್ಲಿ ಎರಡು ಮಾತಾಡಿದ್ದಕ್ಕೆ ನೀನು ಎಲ್ಲರೆದುರು ನಕ್ಕುಬಿಟ್ಟೆ. ಅಂದಿನಿಂದ ಎರಡು ವರ್ಷ ನಾನು ಒಂಟಿಕೊಪ್ಪಲಿನ ನಿನ್ನ ಮನೆ ಕಡೆ ತಲೆ ಹಾಕಲಿಲ್ಲ. ಈಗ ರಾಮಕೃಷ್ಣನಗರದಲ್ಲಿ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಿದ್ದೇನೆ.

ನಿನ್ನೆ ಹರ್ಷಿತಾ ಮೇಡಂ ‘ಆಂಗ್ರಿ’ ಎಂಬ ಪದ ಕೊಟ್ಟು ವಾಕ್ಯ ಮಾಡಿ ಅಂದರು. ನಾನು ‘ಐ ಆಮ್ ಆಂಗ್ರಿ ಆನ್ ಮೈ ಸಿಸ್ಟರ್’ ಅಂದೆ. ನಮಗೆ ಕೋಪ ಬರುವುದು ಒಬ್ಬರ ಮೇಲೆ ತಾನೆ?

“ಆನ್ ಅಲ್ಲಮ್ಮ, ವಿತ್ ಬರ್ಬೇಕು,” ಅಂದರು.

“ವಿತ್ ಅಂದ್ರೆ ಜೊತೆ ಅಂತ ನೀವೇ ಹೇಳ್ಕೊಟ್ರಿ. ನಾನು ಅಕ್ಕನ ಜೊತೆ ಮಾತೇ ಬುಟ್ಬುಟ್ಟಿದೀನಲ್ಲ ಮೇಡಂ?”

ಅವರು ನಗಲಿಲ್ಲ. “ಒಳ್ಳೆ ಪ್ರಶ್ನೆ ಕಣಮ್ಮ. ಯಾಕೆ ಅಂತ ನಂಗೂ ಗೊತ್ತಿಲ್ಲ,” ಅಂದರು. ನನಗೆ ಧೈರ್ಯ ಬಂತು. ಜಾಣತನಕ್ಕೆ ‘ಆಟ್’, ಭಯಕ್ಕೆ ‘ಆಫ್’ ಎಂದು ಕೇಳಿ ಕೇಳಿ ಬರೆದುಕೊಂಡೆ.

ಮುಂದಿನ ಶನಿವಾರ ಪರೀಕ್ಷೆ. ಒಬ್ಬರ ಬಗ್ಗೆ ಎರಡು ನಿಮಿಷ ಮಾತಾಡಬೇಕು. ನಾನು ನಿನ್ನನ್ನೇ ಆರಿಸಿಕೊಂಡೆ. ‘ಮೈ ಸಿಸ್ಟರ್ ಈಸ್ ಗುಡ್ ಆಟ್’ ಆದ ಮೇಲೆ ರಂಗೋಲಿ, ಹುರುಳಿ ಬಸ್ಸಾರು ಎಂದು ಸಲೀಸಾಗಿ ತುಂಬಿಸಿದೆ. ‘ಮೈ ಸಿಸ್ಟರ್ ಈಸ್ ಅಫ್ರೈಡ್ ಆಫ್’ ಆದ ಮೇಲೆ ಪೆನ್ನು ನಿಂತುಹೋಯಿತು. ಐವತ್ತು ವರ್ಷದಿಂದ ನಿನ್ನ ತಂಗಿ ನಾನು. ನಿನಗೆ ಯಾವುದರ ಭಯ ಎಂದು ಒಂದು ದಿನವೂ ಕೇಳಿಲ್ಲ.

ಪರೀಕ್ಷೆಗೆ ಮೊದಲು ಒಮ್ಮೆ ಮನೆಗೆ ಬಂದು ಹೇಳು. ಕನ್ನಡದಲ್ಲೇ ಹೇಳು, ಇಂಗ್ಲಿಷಿಗೆ ನಾನು ತಿರುಗಿಸಿಕೊಳ್ಳುತ್ತೇನೆ.

ನಿನ್ನ ತಂಗಿ,
ಚೆಲುವಾಂಬ