ಕೋಟಣ್ಣ ಹತ್ತಿದ ಬಸ್ಸು

ಅಕ್ಟೋಬರ್ 11, ಶನಿವಾರ, ಸಂಜೆ

ಬೆಳಗಿನ ಪಾಳಿ ಮುಗಿಸಿ ಬಸ್ಸನ್ನು ಡಿಪೋಗೆ ಬಿಟ್ಟೆ. ಎಡಗನ್ನಡಿ ಮತ್ತೆ ಸಡಿಲ. ಮೆಕ್ಯಾನಿಕ್‌ಗೆ ಹೇಳಿದರೆ “ನೋಡೋಣ ಮೇಡಂ” ಅನ್ನುತ್ತಾನೆ, ನೋಡುವುದೇ ಇಲ್ಲ. ಯೂನಿಫಾರ್ಮ್ ಮೇಲೆಯೇ ಜರ್ಸಿ ಏರಿಸಿಕೊಂಡು ಹೊಳೆಯಾಚೆಯ ಸ್ಟೇಡಿಯಂಗೆ ಓಡಿದೆ. ತಮ್ಮ ಆಗಲೇ ಡ್ರಮ್ ಕೊರಳಿಗೆ ಹಾಕಿಕೊಂಡು ನಿಂತಿದ್ದ.

ಗೆದ್ದೆವು. ಎರಡು–ಒಂದು. ಅದೂ ಆಚೆಯವರ ಅಂಗಳದಲ್ಲಿ. ಅದೂ ಕೋಟುವಿನ ಕಣ್ಣೆದುರಿಗೆ!

ನಮ್ಮ ಫುಟ್‌ಬಾಲ್ ಟೀಮಿನ ಮ್ಯಾನೇಜರ್ ಆಗಿದ್ದಷ್ಟು ಕಾಲ ಆತ ಕೋಟಣ್ಣ. ಸುಡುಬಿಸಿಲಿರಲಿ, ಚಳಿಯಿರಲಿ, ಮೊಣಕಾಲುದ್ದದ ಅದೇ ಬೂದು ಕೋಟು. ಯಾರೂ ಕೇಳದ ನಮ್ಮ ಕ್ಲಬ್ಬನ್ನು ಎರಡು ಡಿವಿಷನ್ ಮೇಲೆ ಹತ್ತಿಸಿದ. ಹೋದ ವರ್ಷ, ಸೀಸನ್ ಇನ್ನೂ ಅರ್ಧ ಇರುವಾಗಲೇ, ಗಂಟುಮೂಟೆ ಕಟ್ಟಿಕೊಂಡು ಆಚೆಯವರ ಕಡೆ ಹೋದ. ನಾವು ಧೊಪ್ಪನೆ ಕೆಳಗೆ ಬೀಳುವುದು ಸ್ವಲ್ಪದರಲ್ಲಿ ತಪ್ಪಿತು. ಅಂದಿನಿಂದ ಬರೀ ಕೋಟು. ‘ಅಣ್ಣ’ನನ್ನು ಕಿತ್ತುಹಾಕಿದವನು ನನ್ನ ತಮ್ಮನೇ.

ಇವತ್ತಿನ ಕೂಗೂ ಅವನದೇ: “ಕೋಟು ಬಿಚ್ಚು, ಮನೆಗೆ ನಡಿ!” ಎರಡನೇ ಗೋಲಾದ ಮೇಲೆ ಆಚೆಯವರ ಅಭಿಮಾನಿಗಳೂ ನಮ್ಮ ಜೊತೆ ಸೇರಿ ಅದನ್ನೇ ಕೂಗಿದರು. ನಾನೂ ಕೂಗಿದೆ. ಗಂಟಲು ಕಟ್ಟಿದೆ. ಕೋಟು ಒಮ್ಮೆ ತಲೆಯೆತ್ತಿ ನಮ್ಮ ಕಡೆ ನೋಡಿದ... ಒಂದೇ ಸಲ.

ಅಕ್ಟೋಬರ್ 12, ಭಾನುವಾರ

ಆಚೆಯವರು ಕೋಟುವನ್ನು ತೆಗೆದುಹಾಕಿದರು!

ಸುದ್ದಿ ಬಂದಾಗ ಕಟಿಂಗ್ ಶಾಪಿನಲ್ಲಿದ್ದೆ, ತಮ್ಮನ ಜೊತೆ. ಭಾನುವಾರ ಅಲ್ಲೇ ನಮ್ಮವರೆಲ್ಲ ಸೇರುವುದು. ಅರ್ಧ ಗಡ್ಡಕ್ಕೆ ಸೋಪು ಮೆತ್ತಿಸಿಕೊಂಡಿದ್ದ ಎಲೆಕ್ಟ್ರಿಷಿಯನ್ ಫೋನ್ ನೋಡಿ ಕುರ್ಚಿಯಿಂದಲೇ ಹಾರಿದ. ಕಟಿಂಗ್ ಶಾಪಿನವನು ಕತ್ತಿ ಕೆಳಗಿಟ್ಟ.

“ಅಬ್ಬಾ, ಹೊಟ್ಟೆ ತಣ್ಣಗಾಯ್ತು ಕಣ್ರೋ!”

ಎಲ್ಲರೂ ನಕ್ಕರು. ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಆಮೇಲೆ ಯಾಕೋ ಸದ್ದು ತಾನಾಗಿ ಇಳಿಯಿತು. ಮೂಲೆಯಲ್ಲಿ ಪೇಪರ್ ಹಿಡಿದಿದ್ದ ರಿಟೈರ್ಡ್ ಪಿ.ಟಿ. ಮೇಷ್ಟ್ರು ಮೆಲ್ಲಗೆ ಹೇಳಿದರು:

“ನಮ್ಮ ಹುಡುಗರಿಗೆ ಪಾಸ್ ಮಾಡೋಕೆ ಕಲಿಸಿದ್ದು ಅವನೇ ಅಲ್ವೇನ್ರೋ. ನಿನ್ನೆ ಅವನನ್ನ ಸೋಲಿಸಿದ್ದೂ ಅದೇ ಪಾಸು.”

“ಅದಕ್ಕೇನೀಗ, ಕರೆದು ಹಾರ ಹಾಕ್ಬೇಕಾ?” ಅಂದ ಎಲೆಕ್ಟ್ರಿಷಿಯನ್.

“ಹಾರ ಬೇಡಪ್ಪ. ನಾಲಿಗೆ ಸ್ವಲ್ಪ ಬಿಗಿಹಿಡಿ, ಸಾಕು.”

ತಮ್ಮ ಮಾತ್ರ ನಗಲೇ ಇಲ್ಲ. ಕನ್ನಡಿಯಲ್ಲಿ ತನ್ನನ್ನೇ ನೋಡಿಕೊಳ್ಳುತ್ತ, “ಇನ್ನೂ ಸಾಲ್ದು,” ಅಂದ.

ನನಗೆ ಗೊತ್ತು ಯಾಕೆಂದು. ಅಪ್ಪ ನಮ್ಮ ಸ್ಟೇಡಿಯಂನಲ್ಲಿ ಆಟಗಾರರ ಗೇಟ್ ಕಾಯುತ್ತಿದ್ದವರು. ಪ್ರತಿ ಮ್ಯಾಚ್‌ಗೆ ಮೊದಲು ಕೋಟಣ್ಣ ಅಪ್ಪನ ಗೂಡಿನಲ್ಲಿ ನಿಂತು ಟೀ ಕುಡಿದೇ ಒಳಗೆ ಹೋಗುತ್ತಿದ್ದ. ಅಪ್ಪ ಆಸ್ಪತ್ರೆ ಸೇರಿದಾಗ ನೋಡಲು ಬಂದ. “ಶುಕ್ರವಾರ ಮತ್ತೆ ಬರ್ತೀನಿ,” ಅಂದು ಹೋದ. ಆ ಶುಕ್ರವಾರವೇ ಆಚೆಯವರಿಗೆ ಸಹಿ ಹಾಕಿದ. ಮಧ್ಯಾಹ್ನವೆಲ್ಲ ಅಪ್ಪ ಬಾಗಿಲು ನೋಡುತ್ತಿದ್ದರು. ತಮ್ಮ ಪಕ್ಕದಲ್ಲೇ ಕೂತು, ಬಾಗಿಲು ನೋಡುವ ಅಪ್ಪನನ್ನು ನೋಡುತ್ತಿದ್ದ. ಭಾನುವಾರ ಅಪ್ಪ ಇಲ್ಲ.

ಅಕ್ಟೋಬರ್ 20, ಸೋಮವಾರ

ಕೋಟು ಊರಿಗೆ ವಾಪಸ್ ಬಂದಿದ್ದಾನಂತೆ. ಇಲ್ಲಿಯ ಮನೆ ಮಾರಿರಲಿಲ್ಲವಂತೆ. ಆಚೆಯವರು ಕೊಟ್ಟಿದ್ದ ಕಾರನ್ನು ಅವರೇ ಒಯ್ದರಂತೆ. ಡಿಪೋ ಕ್ಯಾಂಟೀನಿನಲ್ಲಿ ಇದೇ ಮಾತು. ತಮ್ಮನಿಗೆ ಹೇಳಬಾರದು ಅಂದುಕೊಂಡು ಮನೆಗೆ ಬಂದರೆ, ಅವನಿಗೆ ಆಗಲೇ ರಸ್ತೆಯ ಹೆಸರೂ ಗೊತ್ತು. ಡ್ರಮ್ಮಿನ ಹಗ್ಗ ಬಿಗಿಯುತ್ತಿದ್ದ.

“ಏನೋ ಮಾಡ್ತೀಯ?”

“ಏನಿಲ್ಲ. ಸಿಕ್ಕಾಗ ನೋಡೋಣ.”

ಅಮ್ಮ ಒಳಗಿನಿಂದ ಕೇಳಿಸಿಕೊಂಡಳು.  ಪಾತ್ರೆ ತೊಳೆಯುವ ಸದ್ದು ನಿಂತಿತು.

ಅಕ್ಟೋಬರ್ 25, ಶನಿವಾರ

 ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಮ್ಯಾಚ್ ದಿನ. ಸ್ಟೇಡಿಯಂ ರೂಟು ನನ್ನದೇ, ಡ್ರೈವರೂ ನಾನೇ ಕಂಡಕ್ಟರೂ ನಾನೇ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ, ಎಲ್ಲ ನಮ್ಮ ಜರ್ಸಿ. ಹಿಂದಿನ ಸೀಟಿನಲ್ಲಿ ತಮ್ಮ, ಮಡಿಲಲ್ಲಿ ಡ್ರಮ್. ಬೇಕರಿ ಸ್ಟಾಪಿನಲ್ಲಿ ಒಬ್ಬನೇ ಹತ್ತಿದ. ಸ್ವೆಟರ್, ಟೋಪಿ. ಕೋಟಿಲ್ಲದೆ ಗುರುತೇ ಸಿಗಲಿಲ್ಲ. “ಸ್ಟೇಡಿಯಂ, ಒಂದು,” ಅಂದಾಗ ದನಿಯಿಂದ ತಿಳಿಯಿತು.  ಆತನಿಗೂ ನನ್ನ ಗುರುತು ಹತ್ತಿತು.

“ಗೇಟಿನವರ ಮಗಳಲ್ವಾ?”

ತಲೆಯಾಡಿಸಿ ಟಿಕೆಟ್ ಕೊಟ್ಟೆ. ಮುಂದಿನ ಕಂಬ ಹಿಡಿದು ನಿಂತ. ಬಾಗಿಲು ಹಾಕಿದೆ. ಹಾಕಬಾರದಿತ್ತೇನೋ...

ಮೊದಲು ಪಿಸುಪಿಸು. ಆಮೇಲೆ ಇಡೀ ಬಸ್ಸು ಗಪ್‌ಚುಪ್.  ಸಿಗ್ನಲ್ ದಾಟುತ್ತಿದ್ದಂತೆ ಹಿಂದಿನಿಂದ ಡ್ರಮ್ ಒಂದು ಏಟು. ಇನ್ನೊಂದು. “ಕೋಟು ಬಿಚ್ಚು—” ಎಲ್ಲರೂ ಹಿಡಿದುಕೊಂಡರು. ಬಸ್ಸಿನ ಗಾಜು ಅದುರಿತು. ಜ್ಯೂಸ್ ಬಾಟಲಿಯೊಂದು ಹಾರಿ ಬಂದು ಆತನ ಭುಜಕ್ಕೆ ಬಡಿಯಿತು. ಸ್ವೆಟರ್ ಒದ್ದೆ. ಆತ ತಿರುಗಿ ನೋಡಲಿಲ್ಲ. ಕನ್ನಡಿಯಲ್ಲಿ ನೋಡುತ್ತಿದ್ದೆ — ನಾಲ್ಕೈದು ಜನ ಎದ್ದು ಮುಂದಕ್ಕೆ ನೂಕಿಕೊಂಡು ಬರುತ್ತಿದ್ದರು. ಅವರಿಗಿಂತ ಮುಂದೆ ತಮ್ಮ.

ಬಸ್ಸನ್ನು ರಸ್ತೆ ಬದಿಗೆ ಎಳೆದೆ. ಹ್ಯಾಂಡ್‌ಬ್ರೇಕ್. ಇಂಜಿನ್ ಆಫ್.

“ಡ್ರಮ್ ನಿಲ್ಲೋವರೆಗೂ ಗಾಡಿ ಕದಲಲ್ಲ. ಮ್ಯಾಚ್ ತಪ್ಪಿದ್ರೆ ನನ್ನನ್ನ ಕೇಳ್ಬೇಡಿ!”

“ಅಕ್ಕಾ, ನೀನು ಯಾರ ಕಡೆ?” — ತಮ್ಮ.

“ಸ್ಟಿಯರಿಂಗ್ ಕಡೆ. ಹೋಗಿ ಕೂತ್ಕೋ.”

ಆತ ನನ್ನ ಕಡೆ ಬಾಗಿ, “ಬಾಗಿಲು ತೆಗೀರಮ್ಮ, ನಾನೇ ಇಳೀತೀನಿ,” ಅಂದ.

ಹೊರಗೆ ನೋಡಿದೆ. ಫುಟ್‌ಪಾತ್ ತುಂಬ ನಮ್ಮದೇ ಜರ್ಸಿ, ಸ್ಟೇಡಿಯಂ ಕಡೆಗೆ ನಡೆದು ಹೋಗುತ್ತಿರುವ ಗುಂಪು. ಇಳಿದರೆ ಅಲ್ಲಿ ನಾನಿರುವುದಿಲ್ಲ.

“ಟಿಕೆಟ್ ತಗೊಂಡಿದೀರಿ. ನಿಮ್ಮ ಸ್ಟಾಪ್ ಇನ್ನೂ ಬಂದಿಲ್ಲ,” ಅಂದೆ.

ತಮ್ಮ ಆತನ ಮುಂದೆ ನಿಂತಿದ್ದ. ಮೂಗಿಗೆ ಮೂಗು ತಾಗುವಷ್ಟು ಹತ್ತಿರ.

“ಶುಕ್ರವಾರ ಬರ್ತೀನಿ ಅಂದಿದ್ರಿ. ಯಾವ ಶುಕ್ರವಾರ ಅಂತ ಹೇಳಿರ್ಲಿಲ್ಲ, ಅಲ್ವಾ? ನಮ್ಮಪ್ಪ ಬಾಗಿಲು ನೋಡ್ತಾನೇ ಇದ್ರು. ನಾನು ಪಕ್ಕದಲ್ಲೇ ಇದ್ದೆ. ಕ್ಲಬ್ ಬಿಟ್ಟಿದ್ದಕ್ಕಲ್ಲ ನಾನು ಡ್ರಮ್ ಬಾರಿಸೋದು. ತಿಳ್ಕೊಳ್ಳಿ.”



“ಬಂದಿದ್ದೆ,” ಅಂದ ಆತ. “ಆಸ್ಪತ್ರೆ ಗೇಟಿನ ತನಕ ಬಂದಿದ್ದೆ. ಬೆಳಿಗ್ಗೆ ತಾನೇ ಸಹಿ ಹಾಕಿದ್ದೆ. ನಿಮ್ಮಪ್ಪ ಮೊದಲು ಕೇಳೋದೇ, ನಾಳೆ ಟೀಮ್ ಯಾವುದು ಅಂತ. ಏನು ಹೇಳ್ಲಿ? ಮುಖ ತೋರಿಸೋಕೆ ಹೆದರಿಕೆ ಆಯ್ತು. ತಿರುಗಿ ಹೋದೆ. ಅಷ್ಟೇ. ಬೇರೆ ಕಾರಣ ಏನೂ ಇಲ್ಲ.”

ತಮ್ಮನ ಕೈ ಮೇಲೆದ್ದಿತು, ಡ್ರಮ್ಮಿನ ಕೋಲಿನ ಸಮೇತ. ಸೀಟಿನಿಂದ ಹಾರಿ ನಡುವೆ ನಿಂತೆ. ಹೇಗೆ ಹಾರಿದೆನೋ! ಕೋಲು ನನ್ನ ತಲೆಯ ಮೇಲೇ ನಿಂತಿತ್ತು. ಎಲೆಕ್ಟ್ರಿಷಿಯನ್ ಹಿಂದಿನಿಂದ ಅವನ ತೋಳು ಹಿಡಿದುಕೊಂಡ. ಕೂಗಿನಲ್ಲಿ ಎಲ್ಲರಿಗಿಂತ ಜೋರಿದ್ದವನು ಇದೇ ಎಲೆಕ್ಟ್ರಿಷಿಯನ್.

“ಬಿಡೋ, ಅಕ್ಕ ಇದಾರೆ... ಬಿಡು.”

ಕೈ ಇಳಿಯಿತು. ತಮ್ಮನ ತುಟಿ ಅದುರುತ್ತಿತ್ತು, ಚಿಕ್ಕವನಿದ್ದಾಗ ಬಿದ್ದು ಎದ್ದು ಬಂದಾಗಿನ ಹಾಗೆ.

“ಬಾಗಿಲು ತೆಗಿ ಅಕ್ಕ.”

ಇಳಿದ. ಸ್ಟೇಡಿಯಂಗೆ ಬೆನ್ನು ಹಾಕಿ ನಡೆದ. ನಾನು ಬಸ್ ಓಡಿಸಿದೆ. ಆತ ಸ್ಟೇಡಿಯಂ ಸ್ಟಾಪಿನಲ್ಲಿ ಇಳಿದು ಸುಮ್ಮನೆ ಗುಂಪಿನಲ್ಲಿ ಸೇರಿಹೋದ. ಎಲ್ಲಿ ಕೂತು ನೋಡಿದನೋ ಗೊತ್ತಿಲ್ಲ. ಮ್ಯಾಚ್ ಡ್ರಾ ಅಂತೆ. ಡ್ರಮ್ ಇಲ್ಲದೆ ಸ್ಟ್ಯಾಂಡು ಬಿಕೋ ಅನ್ನುತ್ತಿತ್ತಂತೆ.

ಅಕ್ಟೋಬರ್ 28, ಮಂಗಳವಾರ

ಡಿಪೋ ಮ್ಯಾನೇಜರ್ ಕರೆಸಿದರು. ಬಸ್ ನಿಲ್ಲಿಸಿದ್ದಕ್ಕೆ ಯಾರೋ ದೂರು ಕೊಟ್ಟಿದ್ದಾರೆ.

“ಸ್ಟಾಪೇ ಇಲ್ಲದ ಕಡೆ ಯಾಕಮ್ಮ ನಿಲ್ಲಿಸ್ದೆ?”

“ಬ್ರೇಕ್ ಚೆಕ್ ಮಾಡ್ದೆ ಸಾರ್.”

ಕನ್ನಡಕದ ಮೇಲಿಂದ ನೋಡಿದರು. ಅವರೂ ನಮ್ಮ ಕ್ಲಬ್‌ನವರೇ. “ಇನ್ಮೇಲೆ ಡಿಪೋದಲ್ಲೇ ಚೆಕ್ ಮಾಡು,” ಅಂದು ಕಳಿಸಿದರು.

ತಮ್ಮ ನನ್ನ ಜೊತೆ ಮಾತು ಬಿಟ್ಟಿದ್ದಾನೆ. ಊಟಕ್ಕೆ ಕೂತರೆ ಗೋಡೆ ನೋಡುತ್ತಾನೆ. ಡ್ರಮ್ ಮಂಚದ ಕೆಳಗೆ.

ನವೆಂಬರ್ 6, ಗುರುವಾರ

ಮಧ್ಯಾಹ್ನ ಹೋದ ತಮ್ಮ ಸಂಜೆಯಾದರೂ ಇಲ್ಲ. ಫೋನ್ ಸ್ವಿಚ್ ಆಫ್. ಕಟಿಂಗ್ ಶಾಪಿಗೆ ಹೋಗಿ ಕೇಳಿದೆ. “ಬೇಕರಿ ರಸ್ತೆ ಕಡೆ ಹೋದ್ನಲ್ಲ,” ಅಂದರು. ಕೋಟುವಿನ ಮನೆ ಇರುವುದು ಆ ರಸ್ತೆಯಲ್ಲೇ. ಚಪ್ಪಲಿಯ ಬಾರು ಕಿತ್ತದ್ದೂ ಗೊತ್ತಾಗದೆ ನಡೆದೆ.

ಎದುರಿಗೇ ಬಂದ. ಮುಖ ಊದಿತ್ತು. ಹೊಡೆದಾಟವಲ್ಲ — ಅತ್ತಿದ್ದ.

“ಏನಾಯ್ತೋ?”

“ಏನಿಲ್ಲ. ಅವರ ಮನೇಲಿ ಕೂತಿದ್ವಿ. ಟಿ.ವಿ.ಲಿ ಯಾವುದೋ ಮ್ಯಾಚ್ ಬರ್ತಿತ್ತು. ಆಫ್‌ಸೈಡೋ ಅಲ್ವೋ ಅಂತ ಜಗಳ ಆಯ್ತು.” ಬಗ್ಗಿ ನನ್ನ ಚಪ್ಪಲಿಯ ಬಾರು ಸಿಕ್ಕಿಸಿದ. “ನಿಮ್ಮಪ್ಪನ ಹತ್ರ ಕೇಳೋಕಾಗ್ಲಿಲ್ಲ, ನಿಮ್ಮಮ್ಮನ ಹತ್ರ ಆದ್ರೂ ಕ್ಷಮೆ ಕೇಳ್ತೀನಿ ಅಂದ್ರು. ಭಾನುವಾರ ಬನ್ನಿ ಅಂದೆ. ಬರಲ್ಲ ಬಿಡು. ಬರೋ ಪೈಕಿ ಅಲ್ಲ.”

ನವೆಂಬರ್ 9, ಭಾನುವಾರ, ಬೆಳಿಗ್ಗೆ

ಅಡುಗೆಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ತಮ್ಮ ಬಚ್ಚಲಲ್ಲಿ ಗಡ್ಡ ಹೆರೆಯುತ್ತಿದ್ದಾನೆ. “ಬರಲ್ಲ” ಅಂದವನೇ ಮೂರು ಶರ್ಟ್ ಇಸ್ತ್ರಿ ಮಾಡಿದ್ದಾನೆ.

ಅಮ್ಮ ಬಂದು ಎದುರಿಗೆ ಕೂತಳು. ಸೆರಗಿನ ತುದಿ ಬೆರಳಿಗೆ ಸುತ್ತುತ್ತ, ದನಿ ಇಳಿಸಿ ಹೇಳಿದಳು:

“ಅವನು ಕ್ಷಮೆಗಿಮೆ ಕೇಳೋದು ಬೇಡ. ಆ ಶುಕ್ರವಾರ ಸಂಜೆ ನೀವಿಬ್ಬರೂ ಮನೆಗೆ ಬಂದ್ರಲ್ಲ, ಆಮೇಲೆ ನಿಮ್ಮಪ್ಪ ಎದ್ದು ಕೇಳಿದ್ರು, ಬಂದಿದ್ನಾ ಅಂತ. ಬಂದಿದ್ದ, ನಿಮಗೆ ನಿದ್ದೆ ಹತ್ತಿತ್ತು, ಎಬ್ಬಿಸ್ಬೇಡಿ ಅಂದು ಹೋದ ಅಂತ ಸುಳ್ಳು ಹೇಳ್ದೆ. ಒಳ್ಳೇ ಹುಡುಗ ಅಂದ್ರು. ಆಮೇಲೆ ಬಾಗಿಲು ನೋಡ್ಲೇ ಇಲ್ಲ ಕಣೆ.”



“ಮತ್ತೆ ಇವನಿಗೆ ಯಾಕಮ್ಮ ಹೇಳ್ಲಿಲ್ಲ? ಒಂದು ವರ್ಷ! ಅಪ್ಪ ಕಾಯ್ತಾನೇ ಹೋದ್ರು ಅಂದ್ಕೊಂಡು—”

“ಬೈಯೋಕೆ ಒಬ್ಬ ಬೇಕಿತ್ತು ಅವನಿಗೆ. ಬೈಕೊಂಡಾದ್ರೂ ಎದ್ದು ಓಡಾಡ್ಲಿ ಅಂತ ಸುಮ್ಮನಿದ್ದೆ. ಈಗ ಯಾವ ಬಾಯಲ್ಲಿ ಹೇಳ್ಲಿ? ನೀನು ಹೇಳ್ತೀಯಾ?”

ಬಚ್ಚಲಲ್ಲಿ ನೀರು ನಿಂತಿತು.

ಬೆಲ್.

“ಅಕ್ಕಾ, ತಡಿ, ನಾನೇ ತೆಗೀತೀನಿ!”

ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಾಳೆ. ಅವನು ಬಾಗಿಲಿಗೆ ಹೋಗುವುದರೊಳಗೆ ನಾನು ಹೇಳಿಬಿಡಬೇಕು —