ಸರ್ವಾನುಮತದ ಸಭೆಯಲ್ಲಿ ಒಂದು ಲೋಟ ನೀರು

ಪಕ್ಷದ ಪ್ರಧಾನ ಕಾರ್ಯದರ್ಶಿಗಳೂ ಮಹಾಧಿವೇಶನಗಳ ಇತಿಹಾಸ ಸಂಪುಟದ ಸಂಪಾದಕರೂ ಆದ ಮಾನ್ಯರೇ,

ನಿಮ್ಮ ಸಂಪುಟದ ಇನ್ನೂರ ಹದಿನಾಲ್ಕನೆಯ ಪುಟದಲ್ಲಿ ಒಂದು ಸುಳ್ಳಿದೆ. ಬೇರೆ ಪುಟಗಳಲ್ಲೂ ಇರಬಹುದು, ಅವನ್ನು ಬಲ್ಲವರು ಬರೆದುಕೊಳ್ಳಲಿ. ನಲವತ್ತೆರಡು ವರ್ಷಗಳ ಹಿಂದಿನ ಅಧಿವೇಶನದಲ್ಲಿ, ‘ಸ್ಥಳೀಯ ಪ್ರತಿನಿಧಿಗಳನ್ನು ಇನ್ನು ಮುಂದೆ ಕೇಂದ್ರ ಕಚೇರಿಯೇ ನೇಮಿಸತಕ್ಕದ್ದು ಎಂಬ ಗೊತ್ತುವಳಿ ಸರ್ವಾನುಮತದಿಂದ ಅಂಗೀಕೃತವಾಯಿತು’ ಎಂದು ಬರೆದಿದ್ದೀರಿ. ಇಲ್ಲ, ಆಗಲಿಲ್ಲ. ಒಂದು ಕೈ ವಿರುದ್ಧವಾಗಿ ಎದ್ದಿತ್ತು. ಅದು ನನ್ನ ಸೋದರತ್ತೆಯ ಕೈ.

ಅತ್ತೆ ದರ್ಜಿ. ಆಕೆಯನ್ನು ಆ ಸಲ ಪ್ರತಿನಿಧಿಯಾಗಿ ಆರಿಸಿದ್ದು ಕೇಂದ್ರ ಕಚೇರಿಯಲ್ಲ, ನಮ್ಮ ವಾರ್ಡಿನ ಮೂವತ್ತೊಂದು ಸದಸ್ಯರು. ಆಕೆಯ ಹೊಲಿಗೆ ಅಂಗಡಿಯಲ್ಲೇ ಸಭೆ. ಕುರ್ಚಿ ಸಾಲದೆ ಕೆಲವರು ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕುಳಿತಿದ್ದರಂತೆ. ಮರದ ಡಿಪೋ ಯಜಮಾನರನ್ನು ಆಕೆ ಮೂರು ಮತಗಳಿಂದ ಸೋಲಿಸಿದಳು. ಸೋತವರೇ ಎದ್ದು ಬಂದು, “ಹೋಗಿ ಬಾರಮ್ಮ, ಅಲ್ಲಿ ನಮ್ಮ ಬಾಯಿ ನೀನೇ” ಎಂದರಂತೆ. ಇಂಥ ಮಾತನ್ನು ನಿಮ್ಮ ಪಕ್ಷದಲ್ಲಿ ಕೊನೆಯ ಸಲ ಯಾವಾಗ ಕೇಳಿದಿರಿ, ಮಾನ್ಯರೇ?

ಅಧಿವೇಶನದ ಪದ್ಧತಿ ನಿಮಗೆ ಗೊತ್ತೇ ಇದೆ. ಪ್ರತಿಯೊಬ್ಬ ಪ್ರತಿನಿಧಿಗೂ ಒಂದು ಹಳದಿ ಕಾರ್ಡು. ಮತಕ್ಕೆ ಹಾಕಿದಾಗ ಅದನ್ನು ಎತ್ತಬೇಕು. ಆದರೆ ಬೆಳಗಿನ ಮೊದಲ ಗೊತ್ತುವಳಿಗೇ ನಮ್ಮ ಜಿಲ್ಲಾಧ್ಯಕ್ಷರು ಬುಟ್ಟಿ ಹಿಡಿದು ಬಂದು ಜಿಲ್ಲೆಯ ಎಲ್ಲರ ಕಾರ್ಡುಗಳನ್ನೂ ‘ಕಳೆದು ಹೋಗಬಾರದು’ ಎಂದು ಇಸಿದುಕೊಂಡು, ರಬ್ಬರ್ ಬ್ಯಾಂಡು ಹಾಕಿ, ಇಡೀ ಕಟ್ಟನ್ನು ತಾವೊಬ್ಬರೇ ಎತ್ತಿದರು. ಕುರಿ ಕೇಳಿ ಮಸಾಲೆ ಅರೆಯುವುದುಂಟೇ! ಊಟಕ್ಕೆ ಬಿಟ್ಟಾಗ ಕಾರ್ಡು ತೋರಿಸಿದರೇ ತಟ್ಟೆ ಎಂಬ ನಿಯಮವಿದ್ದದ್ದರಿಂದ ಅವು ಮತ್ತೆ ಕೈಗೆ ಬಂದವು. ಅತ್ತೆ ಊಟ ಬಿಟ್ಟು, ಸೀರೆಯ ಮೇಲೆ ತೊಟ್ಟಿದ್ದ ಅಂಗಿಯ ಕಾಲರಿನ ಒಳಗೆ ಸದಾ ಚುಚ್ಚಿಕೊಂಡಿರುತ್ತಿದ್ದ ಸೂಜಿಯನ್ನು ತೆಗೆದಳು. ಮಧ್ಯಾಹ್ನ ಬುಟ್ಟಿ ಬಂತು.

“ಅಕ್ಕಾ, ಕಾರ್ಡು.”

“ಕೊಡಕ್ಕಾಗಲ್ಲಣ್ಣ, ತೋಳಿಗೆ ಹೊಲಿದುಬಿಟ್ಟಿದೀನಿ.”

“ಬಿಚ್ಚಿ ಕೊಡಿ.”

“ಬಿಚ್ಚೋ ಥರ ಹೊಲಿಯಕ್ಕೆ ನಂಗೆ ಬರಲ್ಲ.”

ಆಮೇಲೆ ಆ ನೇಮಕದ ಗೊತ್ತುವಳಿ ಬಂತು. ‘ವಿರುದ್ಧ ಇರುವವರು?’ ಎಂದು ವೇದಿಕೆಯಿಂದ ಕೇಳಿದ್ದು ಶಾಸ್ತ್ರಕ್ಕೆ. ಸಾವಿರಾರು ಜನರ ನಡುವೆ ಅತ್ತೆ ತೋಳು ಎತ್ತಿ ನಿಂತಳು. ಸಭಾಪತಿಗಳು ನೋಡಿದರು. ನೋಡಿಲ್ಲವೆಂದು ಹೇಳಬೇಡಿ, ಏಕೆಂದರೆ ಮೈಕಿನಲ್ಲೇ ಹೇಳಿದರು: “ಅಲ್ಲಿ ಯಾರೋ ತಾಯಿ ನೀರು ಕೇಳ್ತಿದಾರೆ, ಕೊಡಿ.” ಸಭೆ ನಕ್ಕಿತು. ಸ್ವಯಂಸೇವಕಿಯೊಬ್ಬಳು ಲೋಟ ತಂದಳು. ಅಷ್ಟರಲ್ಲಿ ‘ಸರ್ವಾನುಮತ’ ಎಂದು ಘೋಷಣೆಯಾಗಿ ಚಪ್ಪಾಳೆಯೂ ಮುಗಿದಿತ್ತು.

ನಿಮ್ಮ ಸಂಪುಟದ ಕೊನೆಯಲ್ಲಿರುವ ಪ್ರತಿನಿಧಿಗಳ ಪಟ್ಟಿಯನ್ನು ನೀವೇ ಓದಿದ್ದೀರಾ? ಮೊದಲ ಅಧಿವೇಶನಕ್ಕೆ ನಮ್ಮೂರಿನಿಂದ ಹೋದವರು ಒಬ್ಬ ಚಮ್ಮಾರ, ಒಬ್ಬ ಅಂಚೆಯವ, ಶಾಲೆಯ ಗಂಟೆ ಹೊಡೆಯುತ್ತಿದ್ದ ಮುದುಕ. ಜಗಳವಾಡಿ, ಗಂಟಲು ಹರಿದುಕೊಂಡು, ಎರಡು ಗೊತ್ತುವಳಿಗಳನ್ನು ಬೀಳಿಸಿ ಬಂದವರು. ನೇಮಕದ ಗೊತ್ತುವಳಿಯ ನಂತರದ ಪಟ್ಟಿಗಳಲ್ಲಿ ಮಗ, ಅಳಿಯ, ಗುತ್ತಿಗೆದಾರ, ಗುತ್ತಿಗೆದಾರನ ಭಾಮೈದ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರು. ಒಂದು ಲೋಟ ನೀರಿನಲ್ಲಿ ಪಕ್ಷವನ್ನೇ ಮುಳುಗಿಸಿದ್ದೀರಿ, ಅದನ್ನು ಇತಿಹಾಸವೆಂದು ರಟ್ಟು ಹಾಕಿ ಮಾರುತ್ತಿದ್ದೀರಿ.

ಅತ್ತೆಗೆ ಈಗ ಎಪ್ಪತ್ತೊಂಬತ್ತು. ಕಣ್ಣು ಮಂಜಾಗಿ, ಅಂಗಡಿಯನ್ನು ನನಗೆ ಬಿಟ್ಟಿದ್ದಾಳೆ. ಆ ಪುಟವನ್ನು ನಾನೇ ಓದಿ ಹೇಳಿದೆ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ಹೇಳಿದ್ದು ಇಷ್ಟೇ: “ಬಾಯಾರಿತ್ತು ಕಣೋ, ಕುಡಿದುಬಿಟ್ಟೆ. ಕುಡೀಬಾರದಿತ್ತು.” ನಲವತ್ತೆರಡು ವರ್ಷ ಈ ಹೆಂಗಸು ಹೊತ್ತಿರುವುದು ನಿಮ್ಮ ತಪ್ಪನ್ನಲ್ಲ, ತನ್ನ ಬಾಯಾರಿಕೆಯನ್ನು. ನನಗೆ ಹೊಟ್ಟೆ ಉರಿಯುತ್ತದೆ.

ಉರಿಯಲು ಇನ್ನೊಂದು ಕಾರಣವೂ ಇದೆ. ಕಳೆದ ಅಧಿವೇಶನಕ್ಕೆ ನಿಮ್ಮ ಕಚೇರಿ ನನ್ನನ್ನೇ ಪ್ರತಿನಿಧಿಯಾಗಿ ನೇಮಿಸಿತ್ತು. ಬುಟ್ಟಿ ಬಂತು. ಅಕ್ಕಪಕ್ಕದವರು ಹಾಕಿದರು, ನಾನೂ ಹಾಕಿದೆ. ಯಾವ ಗೊತ್ತುವಳಿ ಎಂದೂ ಕೇಳಲಿಲ್ಲ. ಮನೆಗೆ ಬಂದಾಗ ಅತ್ತೆ, “ಕಾರ್ಡು ಯಾರ ಕೈಲಿತ್ತೋ?” ಎಂದಳು. “ನನ್ನ ಕೈಲೇ” ಎಂದೆ. ಅವಳು ಈ ಪತ್ರವನ್ನು ಯಾರಿಂದಲಾದರೂ ಓದಿಸಿಕೊಳ್ಳುತ್ತಾಳೆ. ಓದಿಸಿಕೊಳ್ಳಲಿ.

ಮುಂದಿನ ತಿಂಗಳು ಸಂಪುಟದ ಎರಡನೆಯ ಮುದ್ರಣದ ಬಿಡುಗಡೆಯಲ್ಲಿ ‘ಅತಿ ಹಿರಿಯ ಪ್ರತಿನಿಧಿ’ ಎಂದು ಆಕೆಗೆ ಸನ್ಮಾನ ಮಾಡುತ್ತೀರಂತೆ. ಆಹ್ವಾನಕ್ಕೆ ಧನ್ಯವಾದ. ನಮಗೆ ಫಲಕ ಬೇಡ. ‘ಸರ್ವಾನುಮತದಿಂದ’ ಎಂಬುದನ್ನು ಹೊಡೆದು ಹಾಕಿ, ‘ಒಂದು ಮತ ವಿರುದ್ಧ’ ಎಂದು ಅಚ್ಚು ಹಾಕಿಸಿ. ಸಾಕ್ಷಿ ಬೇಕೆಂದರೆ ಆ ಅಂಗಿ ನಮ್ಮ ಬೀರುವಿನಲ್ಲಿದೆ, ತೋಳಿನ ಕಾರ್ಡು ಇನ್ನೂ ಬಿಚ್ಚಿಲ್ಲ. ತಿದ್ದದಿದ್ದರೂ ಅತ್ತೆ ಬರುತ್ತಾಳೆ, ಅದೇ ಅಂಗಿ ತೊಟ್ಟು. ನಿಮ್ಮ ವೇದಿಕೆಯ ಮೇಲೆ ನಿಂತು ಕೈ ಎತ್ತುತ್ತಾಳೆ. ಆಗ ದಯವಿಟ್ಟು ಯಾರೂ ನೀರು ತರಬೇಡಿ. ಈ ಸಲ ಅವಳು ಮನೆಯಲ್ಲೇ ಕುಡಿದು ಬರುತ್ತಾಳೆ.

ಇಂತಿ,
ಸೂಜಿ ಕೈಯಲ್ಲಿದ್ದೂ ಕಾರ್ಡನ್ನು ಬುಟ್ಟಿಗೆ ಹಾಕಿ ಬಂದ,
ಅವಳ ಸೋದರಳಿಯ, ದರ್ಜಿ