ಮಿಲ್ಲು ಶುರುವಾದ ಮೇಲಿನ ಹಾಲು

ಅಪ್ಪಾ,

ನಿನ್ನ ಮಗಳೇ ಬರೆಯುತ್ತಿದ್ದೇನೆ. ಡೈರಿ ವಿಷಯ ಅಂತ ಮುಖ ತಿರುಗಿಸಬೇಡ, ಪೂರ್ತಿ ಓದು.

ಬೆಳಿಗ್ಗೆ ಏಳಕ್ಕೆ ರಾಗಿ ಮಿಲ್ಲು ಶುರುವಾದ ಕೂಡಲೇ ನಮ್ಮ ಮನೆಯ ರೇಡಿಯೋ ಗೊರಗೊರ ಎನ್ನುತ್ತಿತ್ತಲ್ಲ, ನೆನಪಿದೆಯಾ? "ಆಫ್ ಮಾಡವ್ವ, ಇನ್ನು ಅದು ಮಾತಾಡಾಕಿಲ್ಲ" ಎಂದು ನೀನು ಪಕ್ಕದ ಡೈರಿಯಲ್ಲಿ ಹಾಲು ಟೆಸ್ಟ್ ಮಾಡುತ್ತಲೇ ಕೂಗುತ್ತಿದ್ದೆ. ಡೈರಿ, ಮಿಲ್ಲು, ಮನೆ, ಮೂರಕ್ಕೂ ಒಂದೇ ಕಂಬದ ಕರೆಂಟು. ರೇಡಿಯೋ ಕೆಡುತ್ತದೆಂದು ಅಷ್ಟು ಸಲೀಸಾಗಿ ಒಪ್ಪಿದವನು, ಹಾಲಿನ ಜಿಡ್ಡು ಅಳೆಯುವ ಆ ಹೊಸ ಮೆಷಿನ್ನನ್ನು ಮಾತ್ರ ಯಾಕೆ ಹಾಗೆ ನಂಬಿದೆ?

ಮೇಲಿನ ಬೀದಿಯ ಪುಟ್ಟಮ್ಮತ್ತೆಯ ಹಾಲನ್ನು ನೀನು ವಾಪಸ್ ಕಳಿಸಿದ ದಿನ ನಾನು ಬಾಗಿಲಲ್ಲೇ ಇದ್ದೆ. ನಮ್ಮ ಬೀದಿಯವರ ಹಾಲು ಏಳರೊಳಗೆ ಮುಗಿಯುತ್ತಿತ್ತು. ಮೇಲಿನ ಬೀದಿಯವರು ಬರುವಷ್ಟರಲ್ಲಿ ಮಿಲ್ಲಿನ ಸದ್ದು. ಅವಳ ಸರದಿಯಲ್ಲಿ ಜಿಡ್ಡಿನ ಅಂಕಿ ಇಳಿಯಿತು.

"ನೀರು ಉಯ್ದಿದ್ದೀಯ ಕಣಮ್ಮಿ. ಮೆಷಿನ್ನು ಸುಳ್ಳೇಳಾಕಿಲ್ಲ" ಅಂದೆ ನೀನು.

"ನನ್ನ ಎಮ್ಮೆ ಮೇಲಾಣೆ ಕಣಣ್ಣ, ಒಂದು ತೊಟ್ಟು ಉಯ್ದಿಲ್ಲ."

"ಅವ್ನ ಬೀದಿಯವ್ರಿಗೊಂದು ಅಂಕಿ, ನಮ್ಗೊಂದು" ಎಂದರು ಕ್ಯೂನಲ್ಲಿ ಯಾರೋ. ಊರು ಆ ಮಾತನ್ನು ಹಿಡಿದುಕೊಂಡಿತು. ಅವಳು ಕಳ್ಳಿಯಾದಳು, ನೀನೂ ಕಳ್ಳನಾದೆ. ಟೆಸ್ಟರ್ ಕೆಲಸ ಬಿಟ್ಟೆ, ಮೇಲಿನ ಬೀದಿಗೆ ಕಾಲಿಡುವುದನ್ನೂ ಬಿಟ್ಟೆ. ನಾನೂ ನಿನ್ನನ್ನು ಪೂರ್ತಿ ನಂಬಿರಲಿಲ್ಲ ಅಪ್ಪ. ಬಾಯಿಬಿಟ್ಟು ಹೇಳಲಿಲ್ಲ, ಆದರೆ ನಿನಗೆ ಗೊತ್ತಾಗಿತ್ತು, ಅಲ್ಲವಾ…

ಕಳೆದ ತಿಂಗಳು ನಾನು ಪಾಠ ಮಾಡುವ ವಿಶ್ವವಿದ್ಯಾಲಯದ ಲ್ಯಾಬಿಗೆ ಅಂಥದ್ದೇ ಮೆಷಿನ್ನು ಬಂತು. ಅಕ್ಕಪಕ್ಕದ ಮೋಟಾರುಗಳ ವಿದ್ಯುತ್ ಗದ್ದಲ ಅದರೊಳಗೆ ನುಗ್ಗದಂತೆ ತಡೆಯಲು, ತಯಾರಿಸುವ ಕಂಪನಿಯವರೂ ನಾವೂ ಸೇರಿ ಕೆಲಸ ಮಾಡಬೇಕಿತ್ತು. ಒಂದೇ ಪಾತ್ರೆಯ ಹಾಲಿಟ್ಟು ಪಕ್ಕದಲ್ಲಿ ಮೋಟಾರು ಹಾಕಿಸಿದೆ. ಅಂಕಿ ಇಳಿಯಿತು. ನಿಲ್ಲಿಸಿದೆ, ಏರಿತು. ಕರೆಂಟು ಒಳಬರುವಲ್ಲಿ ಒಂದು ಫಿಲ್ಟರು ಕೂರಿಸಿ ಅರ್ಥಿಂಗ್ ಸರಿಮಾಡಿದ ಮೇಲೆ ಅಂಕಿ ಅಲುಗಲಿಲ್ಲ. ಅಂಗೈಯಗಲದ ಡಬ್ಬಿ, ಅಷ್ಟೇ. ಅಲ್ಲೇ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ.

ಕಂಪನಿಯ ಇಂಜಿನಿಯರು ಒಳ್ಳೆಯವನೇ. "ಹೊಸ ಮಾಡೆಲ್ಲಿಗೆ ಹಾಕ್ತೀವಿ ಮೇಡಂ. ಹಳೇದರ ವಿಚಾರ ಹೊರಗೆ ಹೇಳೋ ಹಾಗಿಲ್ಲ, ಒಪ್ಪಂದಕ್ಕೆ ನೀವೇ ಸಹಿ ಮಾಡಿದೀರಲ್ಲ" ಎಂದ. ಮಾಡಿದ್ದೆ, ಸರಿಯಾಗಿ ಓದದೆ. "ಸುಮ್ಮನಿರಮ್ಮ, ಲ್ಯಾಬು ನಡೀತಿರೋದೇ ಅವರ ದುಡ್ಡಿಂದ" ಎಂದರು ನಮ್ಮ ವಿಭಾಗದ ಮುಖ್ಯಸ್ಥರು. ನನ್ನದಿನ್ನೂ ಕಾಯಂ ಆಗದ ಕೆಲಸ. ಬಾಯಿ ತೆರೆದರೆ ಅದು ಹೋಗುತ್ತದೆ. ಮುಚ್ಚಿಕೊಂಡರೆ ನೀನು ಕಳ್ಳನಾಗಿಯೇ ಉಳಿಯುತ್ತೀಯ. ಗಂಜಾಂನ ಈ ಬಾಡಿಗೆ ಮನೆಯಲ್ಲಿ ಯಾರು ಬಾಗಿಲು ತಟ್ಟಿದರೂ ತೆರೆಯಲು ಮನಸ್ಸಾಗುವುದಿಲ್ಲ. ಕಣ್ಣು ಮುಚ್ಚುವವರೆಗೂ ಹೊಸಿಲು ದಾಟದೆ ಕಳೆದೆಯಲ್ಲ ಆ ವರ್ಷಗಳು, ಆಗ ನಿನಗೂ ಹೀಗೇ ಆಗುತ್ತಿತ್ತಾ?

ಮೊನ್ನೆ ಭಾನುವಾರ ಕೆ.ಆರ್. ಪೇಟೆಯ ಬಸ್ಸು ಹತ್ತಿ ಊರಿಗೆ ಹೋದೆ. ಪುಟ್ಟಮ್ಮತ್ತೆಗೆ ಎಲ್ಲವನ್ನೂ ಹೇಳಿದೆ.

"ಅಂಗಾರೆ ನಾನೂ ಕಳ್ಳಿ ಅಲ್ಲ, ನಿಮ್ಮಪ್ಪನೂ ಕಳ್ಳ ಅಲ್ಲ" ಅಂದಳು. ಆಮೇಲೆ, "ನನ್ನ ಮನೇಲಿ ಕುಂತ್ಕಂಡು ಏಳುದ್ರೆ ಯಾರ್ಗೆ ಕೇಳ್ತದವ್ವ? ಅವ್ನು ನನ್ನ ಅಂದಿದ್ದು ಊರೋರ ಮುಂದೆ."

ಹಾಗೇ ಎದ್ದು ಬಂದೆ.

ನಾಳೆ ಮತ್ತೆ ಹೋಗುತ್ತಿದ್ದೇನೆ. ಡೈರಿಯ ಕ್ಯೂ ಮುಂದೆ ನಿಂತು ಹೇಳುತ್ತೇನೆ. ಕೆಲಸದ ಭಯ ಹೋಗಿಲ್ಲ, ಇದನ್ನು ಬರೆಯುವಾಗಲೂ ಇದೆ. ಆದರೆ ಮೊದಲು ನಿನ್ನ ಪರವಾಗಿ ಅವಳ ಕ್ಷಮೆ ಕೇಳುತ್ತೇನೆ ಅಪ್ಪ. ನೀನು ಕಳ್ಳನಲ್ಲ ಅನ್ನುವುದನ್ನು ಆಮೇಲೆ ಹೇಳುತ್ತೇನೆ.